ಮಾಸ್ತರರು ಮೀಸೆ ತೆಗೆಸಿದ್ದು

ಮಗ್ಗದ ಮನೆಯಲ್ಲಿ ಬೆಳೆದವರನ್ನು ಕೇಳಿ ನೋಡಿ, ಎಲ್ಲರೂ ಸಪ್ಪಳದ ಮಾತನ್ನೇ ತೆಗೆಯುತ್ತಾರೆ. ನನಗೆ ನೆನಪಾಗುವುದು ವಾಸನೆ. ಕಾದ ಯಂತ್ರದ ಎಣ್ಣೆ, ನೂಲಿಗೆ ಹಚ್ಚಿದ ಗಂಜಿ, ನಡುವೆ ಒಳಗಿನಿಂದ ಬರುತ್ತಿದ್ದ ಹುರಿದ ಶೇಂಗಾದ ಘಮ. ಮೊನ್ನೆ ನಿಪ್ಪಾಣಿಯಲ್ಲಿ ಒಂದು ಗ್ಯಾರೇಜಿನ ಮುಂದೆ ಹಾಯುವಾಗ ಅದೇ ಎಣ್ಣೆಯ ವಾಸನೆ ಮೂಗಿಗೆ ಬಡಿದು, ಬೋರಗಾಂವದ ನಮ್ಮ ಮನೆ ಕಣ್ಣ ಮುಂದೆ ಬಂತು. ಪಡಸಾಲೆ ತುಂಬ ಪವರ್‌ಲೂಮು, ಉಳಿದ ಜಾಗದಲ್ಲಿ ನಾವು. ಹತ್ತಿಯ ಧೂಳು ಹುಬ್ಬಿನ ಮೇಲೆ ಕೂತು ಸಂಜೆಯಷ್ಟೊತ್ತಿಗೆ ಅಪ್ಪ ಮುದುಕನಾಗಿರುತ್ತಿದ್ದ, ಮುಖ ತೊಳೆದರೆ ಮತ್ತೆ ಹರೆಯ. ಆ ಮನೆ ಈಗಿಲ್ಲ. ಮಗ್ಗಗಳು ಗುಜರಿಗೆ ಹೋದವು, ಜಾಗದಲ್ಲಿ ಯಾರದೋ ಮೊಬೈಲ್ ಅಂಗಡಿ ಇದೆ.

ಕರೆಂಟು ಇರುವತನಕ ಆ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹಾಗಂತ ಮಾತು ನಿಲ್ಲುತ್ತಿತ್ತೆ? ಅಪ್ಪ ಈ ತುದಿಯಿಂದ ತುಟಿ ಅಲ್ಲಾಡಿಸಿದರೆ ಆ ತುದಿಯಿಂದ ಅಜ್ಜಿ, ನಾವು ಆಯಿ ಅನ್ನುತ್ತಿದ್ದವಳು, ತುಟಿಯಲ್ಲೇ ಉತ್ತರ ಕೊಡುತ್ತಿದ್ದಳು. ಬೈಗುಳ, ಚೇಷ್ಟೆ, ಓಣಿಯ ಸುದ್ದಿ ಎಲ್ಲ ಹೀಗೇ ನಡೆಯುತ್ತಿತ್ತು. ಇದರಿಂದ ಒಂದು ವಿಚಿತ್ರವಾಯಿತು. ಸಣ್ಣವಳಿದ್ದಾಗ ಜ್ವರ ಬಂದು ಕಿವಿ ಸೋರಿ ನನಗೆ ಮುಕ್ಕಾಲು ಭಾಗ ಕೇಳಿಸದಂತಾಗಿದ್ದರೂ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಿರಲಿಲ್ಲ. ಲೋಕವೆಲ್ಲ ಹೀಗೇ ಇರುತ್ತದೆ ಅಂದುಕೊಂಡಿದ್ದೆ. ಗೊತ್ತಾಗಬೇಕಾದದ್ದು ಶಾಲೆಯಲ್ಲಿ. ಅಲ್ಲಿ ಎತ್ತರದ ಹುಡುಗಿ ಅಂತ ಹಿಂದೆ ಕೂರಿಸಿದ್ದರು, ಕಲಿಸುವವರ ತುಟಿ ಕಾಣುತ್ತಿರಲಿಲ್ಲ. ಕೇಳಿದ್ದಕ್ಕೆ ನಾನು ಬಾಯಿ ಬಿಡುತ್ತಿರಲಿಲ್ಲವಾದ್ದರಿಂದ ದಡ್ಡಿ ಎಂದು ಹೆಸರಾಯಿತು. ಐದನೆಯ ಇಯತ್ತೆ ಮುಗಿಯುವ ಮೊದಲೇ ಅಪ್ಪ ನನ್ನನ್ನು ಶಾಲೆ ಬಿಡಿಸಿ, ನೂಲಿನ ಕಂಡಿಕೆ ಸುತ್ತಲು ಹಚ್ಚುವುದೆಂದು ಗಟ್ಟಿ ಮಾಡಿದ. ಅಪ್ಪನಲ್ಲಿ ಸಿಟ್ಟಿರಲಿಲ್ಲ. ತಲೆಗೆ ಹತ್ತದ ವಿದ್ಯೆಗೆ ಯಾಕೆ ತ್ರಾಸು ಅನ್ನುವ ಕನಿಕರವೇ ಇತ್ತು.

ಆಗ ನಮ್ಮ ವರ್ಗಕ್ಕೆ ಕುಂಬಾರ ಮಾಸ್ತರರು ಹೊಸದಾಗಿ ಬಂದಿದ್ದರು. ಯಡೂರಿನವರು. ಅವರ ಮೀಸೆ ಅವರಿಗಿಂತ ಮೊದಲು ವರ್ಗದೊಳಗೆ ಬರುತ್ತಿತ್ತು. ಅಷ್ಟು ದಟ್ಟ, ತುಟಿಯನ್ನು ಪೂರ್ತಿ ಮುಚ್ಚುವಂಥದ್ದು. ನನ್ನನ್ನು ಶಾಲೆ ಬಿಡಿಸುವ ಸುದ್ದಿ ಕೇಳಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ಮಗ್ಗಗಳು ಜೋರಾಗಿ ನಡೆದಿದ್ದವು. ಮಾಸ್ತರರು ಬಾಗಿಲಲ್ಲಿ ನಿಂತು ಏನೋ ಹೇಳಿದರು, ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಮತ್ತೆ ಹೇಳಿದರು, ಮತ್ತೆ ನೋಡಿದ. ಕೊನೆಗೆ ಮಗ್ಗ ಬಂದ್ ಮಾಡಿ ನಕ್ಕ.

"ತಪ್ಪು ತಿಳ್ಕೋಬ್ಯಾಡ್ರಿ ಮಾಸ್ತರ, ನಿಮ್ಮ ಮೀಸ್ಯಾಗ ಮಾತು ಸಿಕ್ಕೊಳ್ಳಾಕತ್ತಾವ. ತುಟಿ ಕಂಡ್ರಲ್ಲ ನಮಗ ತಿಳಿಯೂದು."

ಮಾಸ್ತರರು ನಗಲಿಲ್ಲ. ಮಗ್ಗ ಮತ್ತೆ ಹಚ್ಚಲು ಹೇಳಿ ಸ್ವಲ್ಪ ಹೊತ್ತು ಅಲ್ಲೇ ನಿಂತರು. ಮೂಲೆಯಲ್ಲಿದ್ದ ನನಗೆ ಆಯಿ ಅಷ್ಟು ದೂರದಿಂದ ತುಟಿಯಲ್ಲೇ ಹೇಳಿದಂತೆ ನಾನು ನೀರು ತಂದದ್ದು, ಚಹಾಕ್ಕಿಟ್ಟದ್ದು, ನಡುವೆ ಅವಳಿಗೆ ಎದುರು ವಾದಿಸಿದ್ದು, ಎಲ್ಲ ನೋಡಿದರು. ಆಮೇಲೆ ನನ್ನ ಬೆನ್ನ ಹಿಂದೆ ಬಂದು ನಿಂತು, ಮಗ್ಗ ನಿಲ್ಲಿಸಿ, ಹೆಸರು ಹಿಡಿದು ಕರೆದರಂತೆ. ನಾನು ತಿರುಗಿ ನೋಡಲಿಲ್ಲವಂತೆ. ಅಪ್ಪನ ಮುಖ ಇಳಿದು ಹೋದದ್ದು ಮಾತ್ರ ನನಗೆ ಕಂಡಿತು. ಶಾಲೆಯ ಮಾತನ್ನು ಅವತ್ತು ಇಬ್ಬರೂ ಎತ್ತಲಿಲ್ಲ.

ಮರುದಿನ ಮಾಸ್ತರರು ಬೋಳು ತುಟಿಯಲ್ಲಿ ವರ್ಗಕ್ಕೆ ಬಂದರು. ನಮ್ಮ ಕಡೆ ಗಂಡಸು ಮೀಸೆ ತೆಗೆಸುವುದು ತಂದೆ ತೀರಿಕೊಂಡಾಗ. ಅವರ ತಂದೆಯೋ ಯಡೂರಿನಲ್ಲಿ ಎಮ್ಮೆ ಮೇಯಿಸಿಕೊಂಡು ಗಟ್ಟಿಮುಟ್ಟಾಗಿದ್ದರು! ಬೋರಗಾಂವದ ಜನ ಕೇಳಬೇಕಲ್ಲ? ಓಣಿಯವರೆಲ್ಲ ಮಾಸ್ತರರನ್ನು ಮಾತಾಡಿಸಲು ಹೋದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಆಯಿ ಕೂಡ ಬುತ್ತಿ ಕಟ್ಟಿದಳು. ಬಂದವರಿಗೆಲ್ಲ ಮಾಸ್ತರರದು ಒಂದೇ ಉತ್ತರ: "ಯಾರೂ ಸತ್ತಿಲ್ರಿ, ಸೆಕಿ ಭಾಳ ಆಗಿತ್ತು, ತಗಸೀನಿ." ಸುದ್ದಿ ಯಡೂರು ಮುಟ್ಟಿ, ತೀರಿಕೊಂಡರೆಂದು ಹೇಳಿಸಿಕೊಂಡ ಆ ಹಿರಿಯರೇ ಬಸ್ಸು ಹತ್ತಿ ಬಂದರು. "ನಾ ಜೀವಂತ ಇರೂವಾಗ ಮೀಸಿ ಬೋಳಸೀಯಲ್ಲೋ" ಎಂದು ಮಗನನ್ನು ಬಾಗಿಲಲ್ಲೇ ಬೈದು, ಒಳಗೆ ಕಾಲಿಡದೆ ಹೊರಳಿ ಹೋದರು. ಬಹಳ ದಿನ ಮಗನೊಂದಿಗೆ ಮಾತು ಬಿಟ್ಟಿದ್ದರಂತೆ. ಅವರಿಗೂ ಮಾಸ್ತರರು ಕಾರಣ ಹೇಳಲಿಲ್ಲ. ಊರಲ್ಲಿ ನಮ್ಮಪ್ಪನೊಬ್ಬನಿಗೇ ಅದು ಹೊಳೆದಿತ್ತು. ಅವನು ಮಗ್ಗದಾಚೆಯಿಂದ ಆಯಿಗೆ ತುಟಿಯಲ್ಲಿ ಹೇಳಿದ್ದನ್ನು ನಾನು ಈಚೆಯಿಂದ ಓದಿಕೊಂಡೆ: "ನಮ್ಮ ಪೋರಿ ಸಲವಾಗಿ ತಗಸ್ಯಾರ. ಸಾಲಿ ಬಿಡಸೂದು ಬ್ಯಾಡ."

ಹೀಗೆ ನನ್ನ ಓದು ಉಳಿಯಿತು. ಮಾಸ್ತರರು ನನ್ನನ್ನು ಮುಂದೆ ಕೂರಿಸಿದರು. ಹಲಗೆಗೆ ಮುಖ ಮಾಡಿಕೊಂಡು ಒಂದು ಮಾತೂ ಆಡುತ್ತಿರಲಿಲ್ಲ. ಬರೆಯುವುದು, ತಿರುಗುವುದು, ಆಮೇಲೆ ಹೇಳುವುದು. ಪಾಠ ತಡವಾಗುತ್ತಿತ್ತು, ಆಗಲಿ ಅನ್ನುತ್ತಿದ್ದರು. ಶನಿವಾರ ದನಿಯಿಲ್ಲದೆ ಬರೀ ತುಟಿಯಲ್ಲಿ ಒಗಟು ಕೇಳುವ ಆಟ ಹೂಡುತ್ತಿದ್ದರು. ಇಡೀ ವರ್ಗ ಪಿಳಿಪಿಳಿ ನೋಡುವಾಗ ನಾನೊಬ್ಬಳೇ ಉತ್ತರ ಕೊಡುತ್ತಿದ್ದೆ. ದಡ್ಡಿ ಎಂದವರೇ ಆಮೇಲೆ ನನ್ನಿಂದ ಆ ವಿದ್ಯೆ ಕಲಿಯಲು ಗಂಟು ಬಿದ್ದರು. ನಾನು ಆ ಶಾಲೆ ಮುಗಿಸುವವರೆಗೂ ಮಾಸ್ತರರು ಮತ್ತೆ ಮೀಸೆ ಬೆಳೆಸಲಿಲ್ಲ. ಈಗ ಚಿಕ್ಕೋಡಿಯಲ್ಲಿ ನನಗೊಂದು ನೌಕರಿಯಿದೆ, ಕಿವಿಯಲ್ಲಿ ಯಂತ್ರವಿದೆ. ಇದೆಲ್ಲ ಅವರು ಕೊಟ್ಟದ್ದು. ಆದರೆ ನಾನು ಅದನ್ನು ಎದುರು ನಿಂತು ಒಮ್ಮೆಯೂ ಹೇಳಿರಲಿಲ್ಲ. ನಮ್ಮಲ್ಲಿ ಉಪಕಾರವನ್ನು ಬಾಯಿಬಿಟ್ಟು ಹೇಳುವ ರೂಢಿ ಕಡಿಮೆ.

ಹೋದ ವರ್ಷ ಅವರಿಗೆ ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಯಿತೆಂದು ತಿಳಿದಾಗ, ಇನ್ನು ತಡ ಮಾಡಬಾರದೆಂದು ಯಡೂರಿಗೆ ಹೋದೆ. ಅವರ ಕೈ ನಡುಗುತ್ತಿದ್ದುದರಿಂದ ಬರೆದು ತೋರಿಸಲೂ ಆಗುತ್ತಿರಲಿಲ್ಲ. ತುಟಿ ಅಲ್ಲಾಡಿಸಿ ಏನೋ ಹೇಳುತ್ತಿದ್ದರು. ಅವರ ಹೆಂಡತಿ, ನಾನು ಕಾಕು ಅನ್ನುವವರು, ನೀರಿನ ಚಮಚ ಹಿಡಿದರೆ ಮಾಸ್ತರರು ಮುಖ ತಿರುಗಿಸುತ್ತಿದ್ದರು. "ನೀರು ಬ್ಯಾಡಂತಾರ, ಸೆಕಿ ಅಂತ ಫ್ಯಾನ್ ಹಚ್ಚೀನಿ, ಮತ್ತೇನ್ ಬೇಕೋ ತಿಳೀವಲ್ದವಾ" ಎಂದು ಕಾಕು ಸೋತು ಹೋಗಿದ್ದರು. ನಾನು ಮಂಚದ ಹತ್ತಿರ ಕೂತು ಅವರ ತುಟಿ ನೋಡಿದೆ.

"ಫ್ಯಾನ್ ಬಂದ್ ಮಾಡ್ರಿ ಅನ್ನಾಕತ್ತಾರ್ರಿ ಕಾಕು. ಥಂಡಿ ಆಗೈತಂತ."

ಫ್ಯಾನು ನಿಂತಿತು. ಮಾಸ್ತರರು ನನ್ನನ್ನು ನೋಡಿದರು, ಆಮೇಲೆ ತಡೆಯಿಲ್ಲದೆ ಹೇಳತೊಡಗಿದರು. ಎಮ್ಮೆಗೆ ಹಸಿ ಮೇವು ಹಾಕಿ ಅಂದರು. ಕಿಟಕಿ ತೆರೆಯಿರಿ, ಹೊಳೆ ಕಾಣಲಿ ಅಂದರು. ಒಂದೊಂದನ್ನೇ ನಾನು ದನಿ ಮಾಡಿ ಹೇಳಿದೆ. ನನ್ನ ಮಾತು ಹೇಳಲು ಹೋಗಿದ್ದವಳು ಅವರ ಮಾತನ್ನೇ ಆಡುತ್ತ ಕೂತಿದ್ದೆ, ಬೇರೇನೂ ಬೇಕೆನಿಸಲಿಲ್ಲ. ಕೊನೆಗೆ ಅವರು ಕಾಕುವಿನ ಕಡೆ ಮುಖ ಮಾಡಿ ಒಂದೇ ಮಾತು ಹೇಳಿದರು.

"ಏನಂದ್ರವಾ?"

"ನೀ ಉಂಡೀ ಏನು ಅಂತ ಕೇಳಾಕತ್ತಾರ್ರಿ."

ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ತಾಟು ಇತ್ತು, ಅದರಲ್ಲಿ ರೊಟ್ಟಿ, ತಣ್ಣಗಾದ ಪಲ್ಯ. ಮಂಚದ ಎದುರಿಗೇ ನೆಲದ ಮೇಲೆ ಕೂತು, ಕಣ್ಣೊರೆಸಿಕೊಳ್ಳುತ್ತ, ಮಾಸ್ತರರಿಗೆ ಕಾಣುವ ಹಾಗೆ ಒಂದೊಂದೇ ತುತ್ತು ಉಂಡರು.