ಪಟ್ಟಿಯಲ್ಲಿ ಇಲ್ಲದ ಎಲೆ

ಅದು ವಿಶ್ವಕಪ್ಪಿನಲ್ಲಿ ಸೌದಿ ತಂಡ ಗೆದ್ದ ಮರುದಿನ ಬೆಳಿಗ್ಗೆ ನಡೆದದ್ದು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ನನ್ನ ಹೆಂಡತಿ ಅಲ್ಲ ಎನ್ನುತ್ತಾಳೆ. ಮೊರಾಕ್ಕೊ ಗೆದ್ದ ಮರುದಿನವಂತೆ. ಕತಾರಿನ ಮದೀನತ್ ಖಲೀಫಾ ಬಡಾವಣೆಯ ನಮ್ಮ ಬೀದಿಯಲ್ಲಿ ಕಾರುಗಳು ಹಾರ್ನ್ ಹೊಡೆಯುತ್ತ ಸುತ್ತಿದ್ದು ಆಗಲೇ ಅಂತೆ. ಅವಳ ಮಾತೇ ಸರಿ ಇರಬೇಕು. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಹೋದದ್ದು ಆ ವಾರದಿಂದಲೇ.

ಅದಕ್ಕೆ ಮೊದಲು ದೋಹಾದ ನಮ್ಮ ಕನ್ನಡದವರ ನಡುವೆ ನನಗೆ ಬೇರೆಯೇ ಹೆಸರಿತ್ತು. ನನ್ನ ಕೆಲಸ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ. ಯಾರಾದರೂ 'ಹಾಗಂತೆ' ಎಂದರೆ 'ಎಲ್ಲಿ ಬರೆದಿದೆ ತೋರಿಸಿ' ಎನ್ನುವುದು ನನ್ನ ಹಳೆಯ ಚಾಳಿ. ಊರಿಂದ ಬರುವವರು ಪೊಟ್ಟಣ ಕಟ್ಟಿಕೊಂಡು ಬರುವುದು, ಇಲ್ಲಿಯವರು 'ನನಗೂ ಸ್ವಲ್ಪ ತನ್ನಿ' ಎಂದು ಹೇಳಿ ಕಳಿಸುವುದು ಗಲ್ಫಿನ ಬದುಕಿನ ರೂಢಿ. ಒಮ್ಮೆ ನಮ್ಮ ಪರಿಚಯದವರೊಬ್ಬರು ಪಾಯಸಕ್ಕೆಂದು, ಅಫೀಮು ಗಿಡದ ಬೀಜವೆಂದು ಇಲ್ಲಿ ನಿಷೇಧವಿರುವ ಗಸಗಸೆ ತರಲು ಹೊರಟಿದ್ದು ಗೊತ್ತಾಗಿ ನಾನು ಹೌಹಾರಿ ಒಂದು ಪಟ್ಟಿ ಬರೆದೆ. ಗಸಗಸೆ ಬೇಡ. ಕೋಡೀನ್ ಇರುವ ಕೆಮ್ಮಿನ ಸಿರಪ್ ಬೇಡ. ಟ್ರಮಡಾಲ್ ನೋವಿನ ಮಾತ್ರೆ ಬೇಡ. ಡಾಕ್ಟರ ಚೀಟಿ ಇಲ್ಲದ ನಿದ್ರೆ ಮಾತ್ರೆ ಬೇಡ. ಹೀಗೆ ಹದಿನಾಲ್ಕೋ ಹದಿನೈದೋ ಸಾಲು. ಅದು ವಾಟ್ಸ್ಆ್ಯಪ್ಪಿನಲ್ಲಿ ಊರಿನ ಆಚೆ ಕಡೆಯ ಅಲ್ ಹಿಲಾಲಿನವರೆಗೂ ಹೋಗಿ, ನನಗೇ ಮೂರು ಸಲ ಫಾರ್ವರ್ಡ್ ಆಗಿ ಬಂತು. ಯಾರದಾದರೂ ಮನೆಗೆ ಊಟಕ್ಕೆ ಹೋದರೆ 'ಕಸ್ಟಮ್ಸ್ ಸಾಹೇಬ್ರು ಬಂದ್ರು, ಚಟ್ನಿಪುಡಿ ಒಳಗಿಡ್ರಪ್ಪೋ' ಎಂದು ನಗುತ್ತಿದ್ದರು. ಒಳಗೊಳಗೇ ನನಗೆ ಹೆಮ್ಮೆ.

ವಿಶ್ವಕಪ್ಪಿಗೆ ನಮ್ಮ ಮನೆಗೆ ಬಂದ ಅತಿಥಿ ಧಾರವಾಡದ ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವನು. ಗದಗಿನ ಕಡೆಯವನು. ಈಗ ಅಮೆರಿಕದಲ್ಲಿ ಕಾರಿನ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ತಪಾಸಣೆಯ ಕೆಲಸ. ಹೋಟೆಲು ಸಿಗದೆ ನಮ್ಮಲ್ಲೇ ಇಳಿದ. ಆ ದಿನಗಳಲ್ಲಿ ಮನೆಗೆ ಬರುವ ಅತಿಥಿಯ ಹೆಸರನ್ನು ಬಾಡಿಗೆದಾರನೇ ಸರ್ಕಾರದ ಜಾಲತಾಣದಲ್ಲಿ ದಾಖಲಿಸಬೇಕಿತ್ತು. ದಾಖಲಿಸಿದ್ದೆ. ಅವನು ಇರುವಷ್ಟು ದಿನ ನನ್ನ ವಿಳಾಸ, ನನ್ನ ಗುರುತಿನ ಸಂಖ್ಯೆಯ ಕೆಳಗೆ ಅವನು.

ಬಂದ ಮೂರನೆಯ ಬೆಳಿಗ್ಗೆ, ನಾನು ರಜೆಯಲ್ಲಿದ್ದೆ. ಹೆಂಡತಿ ಮಗಳನ್ನು ಕರೆದುಕೊಂಡು ಸಾಮಾನು ತರಲು ಹೋಗಿದ್ದಳು. ಅವನು ಅಡುಗೆಮನೆಯ ಕಟ್ಟೆಯ ಬಳಿ ನಿಂತು ಬಿಸಿನೀರಿನಲ್ಲಿ ಹಸಿರು ಪುಡಿಯೊಂದನ್ನು ಕಲಸುತ್ತಿದ್ದ. ಒಣಗಿಸಿ ಪುಡಿ ಮಾಡಿದ ನುಗ್ಗೆಸೊಪ್ಪಿನ ಬಣ್ಣ. ಮುಖ ಕಿವುಚಿಕೊಂಡು ಒಂದೇ ಗುಟುಕಿಗೆ ಕುಡಿದ.

"ಏನೋ ಅದು?"

"ಎಲಿ ಪುಡಿ. ಕ್ರೇಟಂ ಅಂತಾರ. ಥೈಲ್ಯಾಂಡ್ ಕಡೆ ಗಿಡ, ಕಾಫಿ ಜಾತಿದು. ಬೆನ್ನಿಗೆ ಭಾಳ ಛಲೋ."

ಅವನ ಬೆನ್ನಿನ ಕಥೆ ನನಗೆ ಗೊತ್ತಿತ್ತು. ಫ್ಯಾಕ್ಟರಿಯಲ್ಲಿ ಬಿದ್ದು ಪೆಟ್ಟಾಗಿ, ಡಾಕ್ಟರು ಕೊಟ್ಟ ನೋವಿನ ಮಾತ್ರೆ ಬಿಡಲಾರದೆ ಒದ್ದಾಡಿದ್ದ. ಆ ಮಾತ್ರೆ ಬಿಡಿಸಿದ್ದೇ ಈ ಪುಡಿಯಂತೆ.

"ಡಾಕ್ಟರು ಬರೆದುಕೊಟ್ಟದ್ದಾ?"

"ಎಲ್ಲಿ ಡಾಕ್ಟರಲೇ! ನಮ್ಮ ಕೆಂಟಕಿಯೊಳಗ ಪೆಟ್ರೋಲ್ ಬಂಕಿನ ಕೌಂಟರ್ ಮ್ಯಾಲೆ ಇಟ್ಟಿರ್ತಾರ, ಚೂಯಿಂಗ್ ಗಮ್ ಬಾಜೂಕ. ಫ್ಯಾಕ್ಟರಿ ಮಾತ್ರ ನದಿ ಆಚಿ ಕಡೆ, ಇಂಡಿಯಾನಾದಾಗ. ಅಲ್ಲಿ ಸಿಕ್ಕರ ಹೆರಾಯಿನ್ ಸಿಕ್ಕಂಗ, ಕೇಸು. ಅದಕ್ಕ ಸೇತುವಿ ದಾಟೋ ಮುಂದ ಕಿಸೆ ನೋಡ್ಕೋತೇನಿ."

ನಗುತ್ತ ಹೇಳಿದ. ಒಂದು ರಾಜ್ಯದಲ್ಲಿ ಯಾರು ಬೇಕಾದರೂ ಕೊಳ್ಳಬಹುದು, ಇನ್ನೊಂದರಲ್ಲಿ ಇಷ್ಟು ವಯಸ್ಸಾಗಿರಬೇಕು, ಮತ್ತೊಂದರಲ್ಲಿ ಪೊಟ್ಟಣದ ಮೇಲೆ ಎಲ್ಲ ಬರೆದಿರಬೇಕು, ಇನ್ನು ಕೆಲವು ಕಡೆ ರಾಜ್ಯ ಸುಮ್ಮನಿದ್ದರೂ ಒಂದೊಂದು ಊರು ತಾನೇ ನಿಷೇಧಿಸಿದೆ. ದೇಶದ ಸರ್ಕಾರ ನೇರವಾಗಿ ಹೌದೂ ಅಂದಿಲ್ಲ, ಅಲ್ಲವೂ ಅಂದಿಲ್ಲ. ಹುಬ್ಬಳ್ಳಿ ಬಸ್ಸುಗಳ ವೇಳಾಪಟ್ಟಿಯನ್ನು ಒಪ್ಪಿಸುವವನ ಹಾಗೆ ಅವನು ಇದನ್ನೆಲ್ಲ ಹೇಳುತ್ತಿದ್ದ. ಸೇತುವೆ ದಾಟುವಾಗ ಕಿಸೆ ತಡವಿ ನೋಡಿಕೊಳ್ಳುವವನು ಅರ್ಧ ಭೂಮಿ ದಾಟಿ ಕತಾರಿಗೆ ಬರುವಾಗ ನೋಡಿಕೊಳ್ಳಲಿಲ್ಲವೇ?

ಫೋನು ತೆಗೆದು ಹುಡುಕಿದೆ. ಕತಾರಿನ ಬಗ್ಗೆ, ಈ ಹೆಸರು ಹಿಡಿದು, ನನಗೆ ಅರ್ಥವಾಗುವ ಭಾಷೆಯಲ್ಲಿ ಖಚಿತವಾಗಿ ಏನೂ ಸಿಗಲಿಲ್ಲ. ಪಕ್ಕದ ದೇಶಗಳ ಬಗ್ಗೆ ಓದಿದ್ದು ಧೈರ್ಯ ಕೊಡುವಂಥದ್ದಾಗಿರಲಿಲ್ಲ. ಗಸಗಸೆಗೇ ಹೆದರುವ ಊರಿನಲ್ಲಿ ಇದನ್ನು ಚಹಾ ಎಂದು ಯಾರು ನಂಬುತ್ತಾರೆ?

"ನಿನಗೆ ನಾನು ಪಟ್ಟಿ ಕಳಿಸಿದ್ದೆ."

"ಓದೇನಿ. ಎರಡು ಸಲ ಓದೇನಿ. ಅದರಾಗ ಇದು ಇಲ್ಲ."

"ಇಲ್ಲ ಅಂದ್ರೆ ತರಬಹುದು ಅಂತಾನಾ?"

"ಮತ್ತ? ನಮ್ಮಲ್ಲಿ ಹಂಗ ಅದ. ಪಟ್ಟಿಯೊಳಗ ಹೆಸರು ಬರೋತನಕ ಎಲ್ಲಾ ಲೀಗಲ್." ಅವನು ಲೋಟ ತೊಳೆದಿಟ್ಟ. ಆಮೇಲೆ ಮೆಲ್ಲಗೆ ಹೇಳಿದ: "ಮತ್ತ ನಿನ್ನ ಕೇಳೇ ತಂದೇನಿ. ಫೋನಿನ್ಯಾಗ ಕೇಳಿದ್ನೆಲ್ಲೊ. ಬೆನ್ನಿಗೊಂದು ಎಲಿ ಪುಡಿ ತಗೋತೇನಿ, ತರ್ಲೇನು ಅಂದೆ. ನೀ ಹೂಂ ಅಂದಿ."

ನಾನು ಹಾಗೆ ಹೇಳಿರಲಿಲ್ಲ. ಹೇಳಲು ಸಾಧ್ಯವೇ ಇರಲಿಲ್ಲ. ಸುಳ್ಳು ಹೇಳಬೇಡ ಎಂದು ಕೂಗಿದೆ. ಹಾಸ್ಟೆಲಿನಲ್ಲಿಯೂ ನಾನು ಅವನ ಮೇಲೆ ಹಾಗೆ ಕೂಗಿದವನಲ್ಲ.

ಪುಡಿ ಎಲ್ಲಿ ಎಂದು ಕೇಳಿದೆ. ಸೂಟ್‌ಕೇಸಿನಲ್ಲಿ ಇರಲಿಲ್ಲ. "ನಿಮ್ಮ ಅವ್ವ ಎತ್ತಿಟ್ಟಾರ" ಅಂದ.

ದಸರಾ ಮುಗಿಸಿಕೊಂಡು ನಮ್ಮಲ್ಲಿಗೆ ಬಂದಿದ್ದ ನನ್ನ ಅಮ್ಮ ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದರು. ಬಾಯಿ ತೆರೆದ ಪ್ಲಾಸ್ಟಿಕ್ ಚೀಲ ಅವರ ಕಣ್ಣಿಗೆ ಬಿದ್ದರೆ ಸುಮ್ಮನಿರುವವರಲ್ಲ.

"ಹೌದು ಕಣೋ, ಡಬ್ಬಿಗೆ ಹಾಕ್ದೆ. ಚೀಲ ಬಿಸಾಕ್ದೆ. ಈ ಊರಿನ ಹವಾಕ್ಕೆ ಪುಡಿ ಮುಗ್ಗಲು ಹಿಡಿದುಬಿಡತ್ತೆ."

ಹಾರ್ಲಿಕ್ಸ್ ಬಾಟಲಿಯಲ್ಲಿ ಪುಡಿ ಅರ್ಧಕ್ಕೂ ಕೆಳಗಿತ್ತು. ಗೆಳೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ಇಷ್ಟೇ ಅಲ್ಲ, ಇನ್ನೂ ಇತ್ತು."

"ಪಕ್ಕದ ಮನೆಗೆ ಒಂದು ಬಟ್ಟಲು ಕೊಟ್ಟೆ" ಅಂದರು ಅಮ್ಮ. "ಆ ಮಂಗಳೂರಿನವರ ಯಜಮಾನರಿಗೆ ಸೊಂಟನೋವು ಅಂತ ಅವರ ಮನೆಯಾಕೆ ಗೋಳಾಡ್ತಾ ಇದ್ಲು. ಈ ಹುಡುಗನೇ ಹೇಳ್ದ, ಬೆನ್ನಿಗೆ ಒಳ್ಳೇದು ಅಂತ. ಅದಕ್ಕೆ ಅವಳು ತನ್ನ ಬಟ್ಟಲಲ್ಲಿ ಗೋಳಿಬಜೆ ಹಾಕಿ ಕಳಿಸಿದ್ಲಲ್ಲ, ನೀನೂ ತಿಂದ್ಯಲ್ಲ ನಿನ್ನೆ?"

ತಿಂದಿದ್ದೆ. ಆರು ತಿಂದಿದ್ದೆ.

ಒಂದು ವಿಲ್ಲಾವನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರಲ್ಲಿ ನಮ್ಮದು ಮುಂದಿನ ಭಾಗ, ಅವರದು ಹಿಂದಿನದು. ನಡುವೆ ಒಂದೇ ಗೋಡೆ. ಆ ಮನೆಯ ಯಜಮಾನರು ಉತ್ತರದ ಗ್ಯಾಸ್ ಪ್ಲಾಂಟಿನಲ್ಲಿ ಸುರಕ್ಷತಾ ವಿಭಾಗದವರು. ನಾಲ್ಕು ದಿನ ಕೆಲಸ, ನಾಲ್ಕು ದಿನ ಮನೆ. ಅವರ ಪ್ಲಾಂಟಿನ ಗೇಟಿನಲ್ಲಿ ಯಾರನ್ನು ಬೇಕಾದರೂ ಪಕ್ಕಕ್ಕೆ ಕರೆದು ಚೀಲ ಬಿಚ್ಚಿಸುತ್ತಾರೆ, ಮೂತ್ರ ಪರೀಕ್ಷೆ ಮಾಡಿಸುತ್ತಾರೆ, ಸಿಕ್ಕಿಬಿದ್ದರೆ ಗುರುತಿನ ಚೀಟಿಯನ್ನು ಅಲ್ಲೇ ಕಿತ್ತುಕೊಳ್ಳುತ್ತಾರೆ ಎಂದು ಅವರೇ ನನಗೆ ಹೇಳಿದ್ದರು. ಮರುದಿನ ಮುಂಜಾನೆ ಅವರಿಗೆ ವ್ಯಾನ್ ಬರುವುದಿತ್ತು.

ಗೆಳೆಯ ಸೋಫಾದಲ್ಲಿ ಕುಳಿತು ತಲೆ ಹಿಡಿದುಕೊಂಡಿದ್ದ. "ಪುಡಿ ಹಾಳಾಗೇತಿ, ಹುಳ ಬಿದ್ದಾವ ಅಂತ ಹೇಳಿ ಇಸ್ಕೊಂಡು ಬಾ. ಖಲಾಸ್."

"ಕುಡಿದಿದ್ರೆ?"

ಅಮೆರಿಕದ ಮಾಮೂಲಿ ಪರೀಕ್ಷೆಗಳಲ್ಲಿ ಇದು ಕಾಣುವುದಿಲ್ಲವಂತೆ, ಇದನ್ನೇ ಹುಡುಕಿದರೆ ಕಾಣುತ್ತದಂತೆ. ಇಲ್ಲಿ ಏನನ್ನು ಹುಡುಕುತ್ತಾರೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅಷ್ಟರಲ್ಲಿ ಹೆಂಡತಿ ಬಂದಳು. ಎಲ್ಲವನ್ನೂ ಕೇಳಿ, ತರಕಾರಿ ಚೀಲ ಕೆಳಗಿಟ್ಟು, ನನ್ನನ್ನು ಕೋಣೆಗೆ ಕರೆದಳು.

"ರೀ, ಅವರ ಮೇಲೆ ಯಾಕೆ ಕೂಗಾಡ್ತಿದೀರ? ನೀವೇ ಹೂಂ ಅಂದಿದ್ದು."

"ನಾನಾ?"

"ಕಾರಲ್ಲಿ, ಮುಶೈರಿಬ್ ಸಿಗ್ನಲ್ ಹತ್ರ. ಫೋನು ಸ್ಪೀಕರಲ್ಲಿತ್ತು. ಅವರು ಏನೋ ಎಲೆ ಪುಡಿ ಅಂದ್ರು. ನೀವು 'ಎಲೆ ತಾನೇ, ತಾರೋ, ಸೊಪ್ಪಿನ ಪುಡಿಗೆ ಯಾರೇನಂತಾರೆ' ಅಂದ್ರಿ. ಆಮೇಲೆ ಪಾರ್ಕಿಂಗ್ ಸಿಗಲಿಲ್ಲ ಅಂತ ಬೈಕೊಂಡ್ರಿ."

ಪಾರ್ಕಿಂಗ್ ಸಿಗದೆ ಬೈದುಕೊಂಡದ್ದು ನನಗೆ ಚೆನ್ನಾಗಿ ನೆನಪಿತ್ತು. ಸಿಗ್ನಲ್ಲು ನೆನಪಿತ್ತು. ಮುಂದಿದ್ದ ಬಸ್ಸಿನ ಹಿಂದೆ ಅಂಟಿಸಿದ್ದ ಚೆಂಡಿನ ಚಿತ್ರ ಕೂಡ. ಆ ಮಾತು ಮಾತ್ರ ಇರಲಿಲ್ಲ. ಎಷ್ಟು ಹೊತ್ತು ಹುಡುಕಿದರೂ ಅಲ್ಲಿ ಏನೂ ಇರಲಿಲ್ಲ. ಹೆದರಿಕೆ ಅಲ್ಲಿಯವರೆಗೆ ಹೊರಗಿನದಾಗಿತ್ತು: ಪೊಲೀಸು, ವೀಸಾ, ಗೇಟು. ಈಗ ಅದು ನನ್ನ ತಲೆಯೊಳಗಿನದಾಯಿತು. ನಾನು ಸುಳ್ಳು ಹೇಳಿರಲಿಲ್ಲ. ಪ್ರಾಮಾಣಿಕವಾಗಿ, ಗಂಟಲು ಹರಿಯುವ ಹಾಗೆ, ಸತ್ಯವಲ್ಲದ್ದನ್ನು ಹೇಳಿದ್ದೆ. ಇನ್ನು ಏನೇನನ್ನು ಹೀಗೆ ಹೇಳಿಕೊಂಡು ಬಂದಿದ್ದೇನೋ.

ಮಧ್ಯಾಹ್ನದ ಊಟಕ್ಕೆ ಮೊದಲೇ ಹಿಂದಿನ ಮನೆಯ ಬಾಗಿಲು ತಟ್ಟಿದೆ. ಹುಳ ಬಿದ್ದ ಕಥೆಯನ್ನು ದಾರಿಯುದ್ದಕ್ಕೂ, ಅಂದರೆ ಹದಿನೈದು ಹೆಜ್ಜೆ, ಬಾಯಿಪಾಠ ಮಾಡಿಕೊಂಡಿದ್ದೆ. ಅವರೇ ಬಾಗಿಲು ತೆರೆದರು. ಪ್ರಯಾಣದ ಚೀಲ ಹೊಸಿಲ ಪಕ್ಕದಲ್ಲೇ ಸಿದ್ಧವಾಗಿತ್ತು.

"ಬನ್ನಿ ಬನ್ನಿ. ನಿಮ್ಮ ಅಮ್ಮನಿಗೆ ಥ್ಯಾಂಕ್ಸ್ ಹೇಳ್ಬೇಕು ಮಾರಾಯ್ರೇ. ಎಂತ ಕಹಿ! ಆದ್ರೆ ಎರಡು ದಿನದಲ್ಲಿ ಸೊಂಟ ಉಂಟಾ ಇಲ್ವಾ ಅಂತ ಮರೆತೇ ಹೋಯ್ತು. ನಾಳೆಗೂ ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಾಳೆ ಇವಳು."

ಡಬ್ಬಿ ಆ ಚೀಲದಲ್ಲಿತ್ತು. ಅವರು ಎರಡು ದಿನ ಕುಡಿದಿದ್ದರು. ಡಬ್ಬಿ ಇಸಿದುಕೊಂಡರೆ ಅರ್ಧ ಅಪಾಯ ಹೋಗುತ್ತಿತ್ತು. ಉಳಿದರ್ಧ ಅವರ ಮೈಯಲ್ಲೇ ಗೇಟಿನವರೆಗೆ ಹೋಗುತ್ತಿತ್ತು, ಅವರಿಗೆ ಗೊತ್ತಿಲ್ಲದೆ.

ಹುಳದ ಕಥೆ ಬಾಯಿಗೆ ಬರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಅದು ಏನು, ಎಲ್ಲಿಂದ ಬಂತು, ಎಲ್ಲಿ ಮಾರುತ್ತಾರೆ, ಎಲ್ಲಿ ಹಿಡಿಯುತ್ತಾರೆ. ಗೆಳೆಯನಿಗೆ ತರಲು ಹೇಳಿದ್ದು ನಾನೇ ಎಂದೂ ಹೇಳಿದೆ. ನೆನಪಿಲ್ಲ ಎಂಬುದನ್ನು ಸೇರಿಸಲಿಲ್ಲ. ಸೇರಿಸಿದ್ದರೆ ಅದು ತಪ್ಪಿಸಿಕೊಳ್ಳುವ ಮಾತಾಗುತ್ತಿತ್ತು.

ಅವರು ಮೊದಲು ನಕ್ಕರು. ನಾನು ನಗದೇ ಇದ್ದಾಗ ಮೆಲ್ಲಗೆ ಚಪ್ಪಲಿ ಗೂಡಿನ ಮೇಲೆ ಕುಳಿತರು.

"ನಾನು ಸೇಫ್ಟಿಯವ ಮಾರಾಯ್ರೇ" ಅಂದರು. "ಗೇಟಿನಲ್ಲಿ ಬೇರೆಯವರನ್ನು ಪರೀಕ್ಷೆಗೆ ಕಳಿಸುವವ ನಾನು."

ಅವರ ಹೆಂಡತಿ ಒಳಗಿಂದ ಬಂದು ತುಳುವಿನಲ್ಲಿ ಏನೋ ಕೇಳಿದರು. ಅವರು ಉತ್ತರಿಸಿದರು. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನನ್ನನ್ನು ನೋಡಿದ ನೋಟ ಮರೆತಿಲ್ಲ. ಅಥವಾ ಮರೆತಿಲ್ಲ ಎಂದುಕೊಂಡಿದ್ದೇನೆ.

"ನಿಮ್ಮ ಪಟ್ಟಿ ನೋಡಿ ನಾನು ನನ್ನ ಅತ್ತೆಯವರ ಬ್ಯಾಗಿಂದ ನೋವಿನ ಮಾತ್ರೆ ತೆಗೆಸಿದ್ದೆ" ಅಂದರು ಯಜಮಾನರು. "ಅವರು ಇಲ್ಲಿದ್ದಷ್ಟು ದಿನವೂ ನರಳಿದ್ದಾರೆ, ಗೊತ್ತುಂಟಾ? ನಿಮ್ಮ ಮನೆಯಿಂದ ಬಂದದ್ದು ಅಂತ ನಾನು ಎಂತ ಅಂತಲೂ ಕೇಳ್ಲಿಲ್ಲ."

ಚೀಲದ ಜಿಪ್ಪು ಎಳೆದು, ಡಬ್ಬಿ ತೆಗೆದು, ನನ್ನ ಕೈಗೆ ಕೊಡದೆ ನೆಲದ ಮೇಲೆ ಇಟ್ಟರು. ನಾನು ಬಗ್ಗಿ ಎತ್ತಿಕೊಂಡೆ.

ಸೊಂಟ ಹಿಡಿದಿದೆ ಎಂದು ಅವರು ಆ ಸಲದ ಸರದಿಗೆ ರಜೆ ಹಾಕಿದರು. ನಮ್ಮ ಪುಡಿಯನ್ನೂ ಅವರ ಪುಡಿಯನ್ನೂ ನಾನೂ ಗೆಳೆಯನೂ ಕಮೋಡಿಗೆ ಸುರಿದು, ಆರು ಸಲ ನೀರು ಬಿಟ್ಟೆವು. ಬಾಟಲಿಯನ್ನೂ ಡಬ್ಬಿಯನ್ನೂ ತೊಳೆದು ಒಡೆದು ಬಿಸಾಡಿದೆವು. ಅಮ್ಮ ಎಸೆದಿದ್ದ ಚೀಲಕ್ಕಾಗಿ ನಾನು ಬೀದಿಯ ಕಸದ ತೊಟ್ಟಿಗೆ ಹೋದೆ. ಬೆಳಿಗ್ಗೆಯೇ ಲಾರಿ ಬಂದು ಒಯ್ದಿತ್ತು.

ದಿನವೂ ಕುಡಿಯುತ್ತಿದ್ದ ಪುಡಿ ನಿಂತದ್ದೇ, ಮುಂದಿನ ಮೂರು ದಿನ ಗೆಳೆಯ ಹಾಸಿಗೆ ಬಿಟ್ಟು ಏಳಲಿಲ್ಲ. ಬೆವರು, ಸೀನು, ನಿಲ್ಲದ ಕಾಲ್ಸೆಳೆತ. ಟಿಕೆಟ್ಟು ಇದ್ದ ಪಂದ್ಯ ಟೀವಿಯಲ್ಲೂ ನೋಡಲಿಲ್ಲ. ಅಮ್ಮ ನೀರು ಬದಲಾದದ್ದಕ್ಕೆ ಹೀಗಾಗಿದೆ ಎಂದು ಮೆಣಸಿನ ಸಾರು ಮಾಡಿಕೊಟ್ಟರು. ಒಮ್ಮೆ ಅವನ ಪಕ್ಕ ಕುಳಿತು "ಹೂಂ ಅಂದಿದ್ದು ನಾನೇ ಅಂತೆ" ಎಂದೆ. ಅವನು ಹೊದಿಕೆಯೊಳಗಿಂದಲೇ, "ಗೊತ್ತೈತಿ ಬಿಡಲೇ. ನಾ ಅದು ಏನಂತ ಸರಿಯಾಗಿ ಹೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ್ಕ ಎಲಿ ಪುಡಿ ಅಂತಷ್ಟ ಹೇಳಿದ್ದೆ" ಅಂದ. ಐದನೆಯ ದಿನ ಸ್ವಲ್ಪ ಬಿಳುಚಿಕೊಂಡು ಅವನು ವಿಮಾನ ಹತ್ತಿದ.

ಹಿಂದಿನ ಮನೆಯವರು ಮುಂದಿನ ಸರದಿಗೆ ಹೋಗಲೇಬೇಕಾಯಿತು. ಅಷ್ಟು ದಿನಕ್ಕೆ ಮೈಯಿಂದ ಹೋಗಿರುತ್ತದೆ ಎಂದು ನಾನು ಓದಿದ್ದೆ. ಹೋಗಿರುವುದಿಲ್ಲ ಎಂದೂ ಓದಿದ್ದೆ. ಆ ನಾಲ್ಕು ದಿನ ಆಫೀಸಿನಿಂದ ಬಂದವನೇ ಕಿಟಕಿಯ ಬಳಿ ಕೂರುತ್ತಿದ್ದೆ. ಅಮ್ಮನಿಗೆ ಏನನ್ನೂ ಹೇಳಿರಲಿಲ್ಲ. ಗೋಳಿಬಜೆಯ ಬಟ್ಟಲು ವಾಪಸು ಹೋಗಬೇಕಲ್ಲ, ಏನು ಹಾಕಿ ಕಳಿಸಲಿ ಎಂದು ಅವರು ದಿನವೂ ಕೇಳುತ್ತಿದ್ದರು. ನಾನು ಇವತ್ತು ಬೇಡ ಎನ್ನುತ್ತಿದ್ದೆ.

ನಾಲ್ಕನೆಯ ದಿನ ಸಂಜೆ ವ್ಯಾನು ಗೇಟಿನ ಮುಂದೆ ನಿಂತಿತು. ಅವರು ಇಳಿದು, ನಮ್ಮ ಕಿಟಕಿಯ ಕಡೆ ನೋಡಿ, ಕೈ ಎತ್ತಿದರು ಎಂದು ನಾನು ಹೇಳುತ್ತೇನೆ. ಹೆಂಡತಿ ನನ್ನ ಪಕ್ಕದಲ್ಲೇ ಇದ್ದಳು. ಅವರು ಈ ಕಡೆ ತಿರುಗಲೇ ಇಲ್ಲ ಎನ್ನುತ್ತಾಳೆ. ಒಂದು ವಿಷಯಕ್ಕೆ ಮಾತ್ರ ಇಬ್ಬರದೂ ಒಪ್ಪಿಗೆ. ಬಲಗೈಯಲ್ಲಿ ಚೀಲ ಇತ್ತು, ಪ್ಲಾಂಟಿನ ಗುರುತಿನ ಚೀಟಿ ಅವರ ಕೊರಳಲ್ಲೇ ಇತ್ತು.