ಇಳಿಜಾರಿನಿಂದ ಸಾವಿರದ ನೂರ ನಲವತ್ತು ಹೆಜ್ಜೆ

ಬೆಳಗಿನ ಐದೂ ಹತ್ತು. ನೀರು ಇಳಿಯತೊಡಗಿ ಐದು ತಾಸಾಗಿದೆ. ಮಾರ್‌ಥಾರ್ಪ್ ತೀರದ ಒದ್ದೆ ಮರಳಿನ ಮೇಲೆ ಗ್ಲೆಂಡಾ ಸ್ಟಾದರ್ಸ್ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಂಗಳ ಗುಡಿಸುವವರ ಹದದಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುತ್ತಿದ್ದಾರೆ. ಪಕ್ಕದಲ್ಲಿ ತೆಂಗಿನ ಮರದಷ್ಟು ಎತ್ತರದ ಕೆಂಪು ಮಣ್ಣಿನ ದರೆ. ಅದರಿಂದ ಆಗಾಗ ಒಂದು ಹೆಂಟೆ ಕಳಚಿ ಬೀಳುವ ಸದ್ದು ಬಿಟ್ಟರೆ ಅಲೆಯದೇ ಸದ್ದು.

ಮೊದಲ ಸಲ ಯಂತ್ರ ಕೂಗಿದಾಗ ಸಿಕ್ಕದ್ದು ಬಿಯರ್ ಡಬ್ಬಿಯ ಕಿವಿ. ಎರಡನೆಯದು ಯುದ್ಧಕಾಲದ ತುಕ್ಕು ಹಿಡಿದ ಗುಂಡಿನ ಚಿಪ್ಪು. ಮೂರನೆಯ ಸಲ ಅವರು ಮೊಣಕಾಲೂರಿ ಕೂರುತ್ತಾರೆ. ಸಲಿಕೆಯ ಮರಳನ್ನು ಬೆರಳಿನಿಂದ ಸರಿಸಿದಾಗ ಕಾಣುವುದು ಉಗುರಿನಷ್ಟೇ ಅಗಲದ, ಕಪ್ಪಿಟ್ಟ, ಅರ್ಧಚಂದ್ರದ ಒಂದು ತುಂಡು. ಚಿಲ್ಲರೆ ಸಿಗದ ಕಾಲದಲ್ಲಿ ಇಲ್ಲಿಯವರು ಬೆಳ್ಳಿಯ ಪೆನ್ನಿಯನ್ನೇ ಎರಡಾಗಿ ಕತ್ತರಿಸಿ ಕೊಡುತ್ತಿದ್ದರು. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನಾನು ಉಜ್ಜಿ ನೋಡಲು ಕೈ ಚಾಚುತ್ತೇನೆ. ಗ್ಲೆಂಡಾ ತುಂಡನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ಉಜ್ಜಬಾರ್ದು ಕಣಮ್ಮಾ. ಏಳುನೂರೈವತ್ತು ವರ್ಷದಿಂದ ಯಾರೂ ಇದಕ್ಕೆ ಮುಖ ತೊಳೆಸಿಲ್ಲ. ಇನ್ನೊಂದಿನ ಕಾಯಲಿ."

ಆಮೇಲೆ ಅವರು ಜೇಬಿನಿಂದ ಸಣ್ಣದೊಂದು ಪುಸ್ತಕ ತೆಗೆದು ಬರೆಯುತ್ತಾರೆ: ಅರ್ಧ ಪೆನ್ನಿ, ದೋಣಿ ಇಳಿಸುವ ಇಳಿಜಾರಿನಿಂದ ದಕ್ಷಿಣಕ್ಕೆ ಒಂಬೈನೂರ ಎಂಟು ಹೆಜ್ಜೆ, ಒಂದು ಗೇಣು ಆಳ.

ಅರವತ್ನಾಲ್ಕು ವರ್ಷದ ಗ್ಲೆಂಡಾ ಅವರ ಕೆಲಸ ಇದಲ್ಲ. ದರೆಯ ಮೇಲಿರುವ ಪ್ರವಾಸಿಗರ ಕ್ಯಾರವಾನ್ ಬಿಡಾರದಲ್ಲಿ ಅವರು ಕಸ ಗುಡಿಸುವವರು. ಶನಿವಾರ ಒಂದೇ ದಿನ ಹದಿನಾಲ್ಕು ಕ್ಯಾರವಾನ್‌ಗಳ ಹಾಸಿಗೆ ಬದಲಿಸಿ, ಒಲೆ ಉಜ್ಜಿ, ಕಕ್ಕಸು ತೊಳೆಯಬೇಕು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಬಟಾಣಿ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿತು. ಬಿಡಾರಕ್ಕೆ ಸೇರಿದ ಮೊದಲ ಬೇಸಿಗೆಯಲ್ಲೇ ಯಾರೋ ಪ್ರವಾಸಿಗರು ಬೀರುವಿನಲ್ಲಿ ಈ ಯಂತ್ರ ಬಿಟ್ಟುಹೋದರು. ವರ್ಷ ಕಳೆದರೂ ಕೇಳಿಕೊಂಡು ಬರಲಿಲ್ಲ. ಮಾಲೀಕ ನೀನೇ ಇಟ್ಟುಕೋ ಎಂದ. ಮೊದಲ ದಿನವೇ ಮೂರನೇ ಜಾರ್ಜನ ಕಾಲದ, ಬಿಸ್ಕತ್ತಿನಷ್ಟು ದಪ್ಪದ ತಾಮ್ರದ ಪೆನ್ನಿ ಸಿಕ್ಕಿತು. ಅಂದಿನಿಂದ ಹದಿನಾಲ್ಕು ವರ್ಷ, ಮೂಡಣ ಗಾಳಿ ಎಷ್ಟೇ ಕೊರೆಯಲಿ, ಕೆಲಸಕ್ಕೆ ಮುಂಚೆ ಎರಡು ತಾಸು ಅವರು ಇಲ್ಲೇ ಇರುತ್ತಾರೆ. ಒಮ್ಮೆ ಕುಸಿದ ಜೇಡಿಯಲ್ಲಿ ತೊಡೆಯವರೆಗೂ ಹೂತುಹೋಗಿ, ನೀರು ಏರುವಷ್ಟರಲ್ಲಿ ನಾಯಿ ಅಡ್ಡಾಡಿಸುವವರೊಬ್ಬರ ಕೈ ಹಿಡಿದು ಹೊರಬಂದಿದ್ದಾರೆ. ಬೂಟು ಮಾತ್ರ ಸಮುದ್ರಕ್ಕೆ ಹೋಯಿತು.

ಒಂದು ಬೆಳಿಗ್ಗೆಗೆ ಯಂತ್ರ ಅರವತ್ತು ಸಲ ಕೂಗಿದರೆ ಐವತ್ತೈದು ಸಲ ಸಿಗುವುದು ಕಸ. ಅದನ್ನು ಅವರು ಮೇಲಕ್ಕೆ ಹೊತ್ತು ತೊಟ್ಟಿಗೆ ಹಾಕುತ್ತಾರೆ. ಈಜಲು ಬಂದವರು ಕಳೆದುಕೊಂಡ ನಲವತ್ತೊಂದು ಉಂಗುರಗಳನ್ನು ಈವರೆಗೆ ಹಿಂದಿರುಗಿಸಿದ್ದಾರೆ. ಒಬ್ಬ ಗಂಡಸು ಮಾತ್ರ ಉಂಗುರ ನೋಡಿ ಮುಖ ಸಪ್ಪಗೆ ಮಾಡಿಕೊಂಡನಂತೆ. ಅದನ್ನು ಅವನು ಬೇಕೆಂದೇ ಎಸೆದಿದ್ದ.

ಸಮುದ್ರ ಇಲ್ಲಿ ವರ್ಷಕ್ಕೆ ಎರಡು ಮೀಟರ್ ನೆಲ ತಿನ್ನುತ್ತದೆ. ಹಳೇ ಮಾರ್‌ಥಾರ್ಪ್ ಎಂಬ ಊರೊಂದು, ಅದರ ಸಂತೆಬೀದಿ, ಚರ್ಚು ಎಲ್ಲವೂ ಮುನ್ನೂರು ವರ್ಷದ ಹಿಂದೆಯೇ ನೀರಿಗೆ ಹೋಗಿವೆ. ಹಾಗಾಗಿ ತೀರದಲ್ಲಿ ಏನು ಸಿಕ್ಕರೂ ಅಲೆ ತಂದು ಹಾಕಿದ್ದು ಎಂದೇ ಎಲ್ಲರ ಲೆಕ್ಕ. ಗ್ಲೆಂಡಾರಿಗೆ ಮಾತ್ರ ಒಂದು ಸಂಶಯ ಬಂತು. ನಾಣ್ಯಗಳು ತೀರದುದ್ದಕ್ಕೂ ಚೆಲ್ಲಾಡಿದ್ದವು, ಸರಿ. ಆದರೆ ಹಳೆಯ ಕಿಟಕಿಗಳ ಗಾಜು ಹಿಡಿದಿಡುವ ಸೀಸದ ಪಟ್ಟಿಗಳು ಹನ್ನೊಂದು ವರ್ಷದಲ್ಲಿ ಅರವತ್ತಮೂರು ಸಿಕ್ಕಿದ್ದವು. ಪುಸ್ತಕ ತಿರುವಿದರೆ ಅಷ್ಟೂ ಒಂದೇ ಜಾಗದಲ್ಲಿ: ಸಾವಿರದ ನೂರ ಇಪ್ಪತ್ತರಿಂದ ಸಾವಿರದ ನೂರ ಅರವತ್ತು ಹೆಜ್ಜೆಯ ನಡುವೆ.

ತೀರದಲ್ಲೇ ಯಂತ್ರ ಹಿಡಿದು ಓಡಾಡುವ ಗೆಳೆಯ, ನಿವೃತ್ತ ಬಸ್ ಚಾಲಕ ರೆಗ್ ಮೂಡಿ ಅವರಿಗೆ ಇದನ್ನು ಹೇಳಿದಾಗ ಅವರು ಹೊಟ್ಟೆ ಹಿಡಿದು ನಕ್ಕರಂತೆ. "ಅಲೆ ಏನು ನಿನ್ ಹಾಗೆ ಹೆಜ್ಜೆ ಎಣಿಸ್ಕೊಂಡ್ ಬರುತ್ತೇನೇ, ಗ್ಲೆಂಡಾ?" ಎಂದರಂತೆ. ಗ್ಲೆಂಡಾ ಹೇಳಿದ್ದು ಇಷ್ಟೇ: ಹಗುರದ್ದನ್ನು ನೀರು ಎಳೆದೊಯ್ಯುತ್ತದೆ, ಸೀಸ ಬಿದ್ದಲ್ಲೇ ಕೂರುತ್ತದೆ. ಹಾಗಾದರೆ ಇದು ಸಮುದ್ರದಿಂದ ಬಂದದ್ದಲ್ಲ, ಮೇಲಿನಿಂದ ಬಿದ್ದದ್ದು. ದರೆಯ ಮೇಲೆ ಏನೋ ಇದೆ.

ದರೆಯ ಮೇಲೆ ಇದ್ದದ್ದು ಬರೀ ಬಾರ್ಲಿ ಹೊಲ. ಯಾವ ನಕ್ಷೆಯಲ್ಲೂ ಅಲ್ಲಿ ಕಟ್ಟಡವಿರಲಿಲ್ಲ. ಅವರು ಎರಡು ಕಚೇರಿಗಳಿಗೆ ಕಾಗದ ಬರೆದರು. ಚರ್ಚಿದ್ದ ಜಾಗ ಸಮುದ್ರದಲ್ಲಿದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ ಎಂದು ಒಂದು ಕಡೆಯಿಂದ ಉತ್ತರ ಬಂತು. ಇನ್ನೊಂದು ಕಡೆಯಿಂದ ಅದೂ ಬರಲಿಲ್ಲ.

ಎರಡು ವರ್ಷದ ಹಿಂದಿನ ಫೆಬ್ರವರಿಯಲ್ಲಿ, ಮೂರು ದಿನದ ಬಿರುಗಾಳಿಯ ಮರುದಿನ, ಸಾವಿರದ ನೂರ ನಲವತ್ತನೇ ಹೆಜ್ಜೆಯಲ್ಲಿ ದರೆ ಕುಸಿದಿತ್ತು. ಹೆಂಟೆಗಳ ನಡುವೆ ಗ್ಲೆಂಡಾರಿಗೆ ಒಂದು ಪುಟ್ಟ ಲೋಹದ ಬಟ್ಟಲು ಸಿಕ್ಕಿತು. ತವರ ಬೆರೆತದ್ದು, ಒಂದು ಬದಿ ನುಜ್ಜಾಗಿದೆ, ಕೆಳಗೆ ಸಣ್ಣ ಕಾಲು. ತಲೆಯೆತ್ತಿ ನೋಡಿದರೆ ದರೆಯ ಮೇಲ್ತುದಿಯಲ್ಲಿ, ಮಣ್ಣಿನಿಂದ ಬೆಳ್ಳಗೆ ಏನೋ ಚಾಚಿಕೊಂಡಿತ್ತು. ಪೊಲೀಸರಿಗೆ ಫೋನ್ ಮಾಡಿದರು. ಬಂದವನು ಕೆಳಗಿನಿಂದಲೇ ಫೋಟೋ ತೆಗೆದು ಕುರಿಯ ಮೂಳೆ ಇರಬೇಕು ಎಂದ.

"ಕುರಿ ಬಟ್ಟಲಲ್ಲಿ ಕುಡಿಯುತ್ತೇನಪ್ಪಾ ಅಂತ ಕೇಳ್ದೆ. ನಕ್ಕು ಹೊರಟೋದ," ಎನ್ನುತ್ತಾರೆ ಗ್ಲೆಂಡಾ.

ನಂಬಿದ್ದು ಹ್ಯಾರಿಯೆಟ್ ಪೆಲ್. ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಸೇರಿ ಆಗ ಅವರಿಗೆ ಮೂರೇ ತಿಂಗಳು. ಒಂದು ಮಂಗಳವಾರ ಬಿಡಾರದ ಬಟ್ಟೆ ಒಗೆಯುವ ಕೋಣೆಗೆ ಬಂದು, ಇಸ್ತ್ರಿ ಮೇಜಿನ ಮೇಲೆ ಗ್ಲೆಂಡಾರ ಇಪ್ಪತ್ತೇಳು ಪುಸ್ತಕಗಳನ್ನೂ ಹರಡಿಕೊಂಡು ಕೂತರು. ಸಿಕ್ಕ ಒಂದೊಂದು ಸೀಸದ ಪಟ್ಟಿಗೂ ಕಾಗದದ ಮೇಲೆ ಒಂದೊಂದು ಚುಕ್ಕಿ. ಮೂರು ತಾಸಿನ ಮೇಲೆ ಚುಕ್ಕಿಗಳೆಲ್ಲ ಒತ್ತಾಗಿ ಒಂದು ಕಪ್ಪು ಕಲೆಯಾದವು. ಹ್ಯಾರಿಯೆಟ್ ಈಗ ಅದನ್ನು ನೆನೆಸಿಕೊಂಡು ಹೇಳುತ್ತಾರೆ: "ಬಟ್ಟಲನ್ನ ಯಾರು ಬೇಕಾದ್ರೂ ಹುಡುಕಬಹುದಿತ್ತು. ಆದ್ರೆ ಕೆಲಸಕ್ಕೆ ಬಾರದ ಸೀಸದ ಚೂರಿಗೂ ಜಾಗ ಬರೆದಿಟ್ಟೋರು ಇವ್ರೊಬ್ರೇ."

ಆ ಹೊತ್ತಿಗಾಗಲೇ ದರೆಯಂಚಿನಿಂದ ನಾಲ್ಕು ಮೀಟರ್ ಒಳಗೆ ನೆಲ ಬಿರುಕು ಬಿಟ್ಟಿತ್ತು. ಅಗೆಯಲು ಸಿಕ್ಕ ಒಪ್ಪಿಗೆ ಹನ್ನೊಂದೇ ದಿನದ್ದು. ಹ್ಯಾರಿಯೆಟ್ ತಂಡದವರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅಗೆದರು. ಬಾರ್ಲಿಯ ಬೇರಿನಡಿ ಯಾರ ನೆನಪಲ್ಲೂ ಉಳಿಯದ ಸಣ್ಣ ಪ್ರಾರ್ಥನಾಮಂದಿರದ ತಳಪಾಯ ಇತ್ತು. ಸುತ್ತ ಹತ್ತೊಂಬತ್ತು ಸಮಾಧಿ. ಎಲ್ಲರ ಪಾದವೂ ಮೂಡಲಿಗೆ, ಅಂದರೆ ಸಮುದ್ರದ ಕಡೆಗೆ. ಅಂಚಿನ ಸಮಾಧಿಯಲ್ಲಿ ತಲೆ, ಭುಜ ಮಾತ್ರ ಉಳಿದಿದ್ದವು. ಮಿಕ್ಕದ್ದು ಬಿದ್ದುಹೋಗಿತ್ತು. ಆ ಕಾಲದಲ್ಲಿ ಪಾದ್ರಿ ತೀರಿಕೊಂಡರೆ ಎದೆಯ ಮೇಲೆ ಒಂದು ಬಟ್ಟಲಿಟ್ಟು ಹೂಳುತ್ತಿದ್ದರು. ಗ್ಲೆಂಡಾರಿಗೆ ಸಿಕ್ಕಿದ್ದು ಅದೇ. ಮಧ್ಯಾಹ್ನದ ಬಿಡುವಿನಲ್ಲಿ ಬೇಕನ್ ಬ್ರೆಡ್ಡು ಹಿಡಿದುಕೊಂಡು ಹೊಲಕ್ಕೆ ಹೋದ ಅವರು ಅದನ್ನು ಕಚ್ಚದೆ ನಿಂತೇ ಇದ್ದರಂತೆ.

ಅಗೆದು ಮುಗಿಸಿದ ಇಪ್ಪತ್ತಾರನೇ ದಿನ ಆ ನೆಲ ಪೂರ್ತಿ ಸಮುದ್ರಕ್ಕೆ ಬಿತ್ತು.

ಬಟ್ಟಲು ಬೆಳ್ಳಿಯದೂ ಅಲ್ಲ, ಚಿನ್ನದ್ದೂ ಅಲ್ಲ. ಹಾಗಾಗಿ ಕಾನೂನಿನ ಪ್ರಕಾರ ಅದು ನಿಧಿಯಲ್ಲ. ಅದನ್ನು ಏನು ಮಾಡಬೇಕೆಂಬ ತೀರ್ಮಾನ ಗ್ಲೆಂಡಾರದೇ ಆಯಿತು. ಸಂಗ್ರಹಕಾರನೊಬ್ಬ ಕಾರಿನಲ್ಲಿ ಬಂದು ಕೇಳಿದ. ವಸ್ತುಸಂಗ್ರಹಾಲಯ ಗಾಜಿನ ಪೆಟ್ಟಿಗೆಯಲ್ಲಿ ಅವರ ಹೆಸರು ಹಾಕಿ ಇಡುವುದಾಗಿ ಹೇಳಿತು. ಒಂದು ವಾರ ಅದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟುಕೊಂಡು ಪಾತ್ರೆ ತೊಳೆಯುತ್ತ ನೋಡಿದರು. ಕೊನೆಗೆ ಅದನ್ನು ಆ ಪಾದ್ರಿಯ ಜೊತೆಯೇ ಹೂಳಬೇಕು ಎಂದರು. ಹ್ಯಾರಿಯೆಟ್‌ಗೆ ಬೇಸರವಾಯಿತು. ಆದರೂ ಅಳತೆ ತೆಗೆದು, ಚಿತ್ರ ಬರೆಸಿಕೊಂಡು ಒಪ್ಪಿದರು. ರೆಗ್‌ಗೆ ಮಾತ್ರ ತಡೆಯಲಾಗಲಿಲ್ಲ.

"ಹದಿನಾಲ್ಕು ವರ್ಷ ಮರಳು ಕೆದಕಿ, ಸಿಕ್ಕಿದ್ದೊಂದನ್ನೂ ವಾಪಸ್ ಮಣ್ಣಿಗೆ ಹಾಕ್ತಾಳೆ. ತಲೆ ಕೆಟ್ಟಿದ್ಯೇನೇ?"

"ಉಂಗುರ ಕಳೆದೋಗಿರುತ್ತೆ ರೆಗ್, ಹುಡುಕಿ ಕೊಡ್ತೀನಿ. ಇದು ಕಳೆದದ್ದಲ್ಲ. ಯಾರೋ ಅವನ ಕೈಗೆ ಕೊಟ್ಟು ಕಳಿಸಿದ್ದು."

ಕಳೆದ ಅಕ್ಟೋಬರಿನಲ್ಲಿ ಹತ್ತೊಂಬತ್ತು ಪೆಟ್ಟಿಗೆಗಳನ್ನೂ ಒಳನಾಡಿನ ಚರ್ಚಿನ ಅಂಗಳದಲ್ಲಿ ಹೂಳಿದರು. ಸಮುದ್ರ ಅಲ್ಲಿಗೆ ತಲುಪಲು ಇನ್ನೂ ಸಾವಿರ ವರ್ಷ ಬೇಕಂತೆ. ಎಲ್ಲಕ್ಕಿಂತ ಸಣ್ಣ ಪೆಟ್ಟಿಗೆ ಒಂದು ಕೂಸಿನದು. ಅದನ್ನು ಗ್ಲೆಂಡಾ ಹೊತ್ತರು. ಆಮೇಲೆ ಚಹಾಕ್ಕೂ ನಿಲ್ಲದೆ ಕೆಲಸಕ್ಕೆ ಹೊರಟರು. ಅಂದು ಶನಿವಾರ. ರೆಗ್ ಹಿಂದೆಯೇ ಬಂದು ನಾಲ್ಕು ಕ್ಯಾರವಾನ್‌ಗಳ ಹಾಸಿಗೆ ಬದಲಿಸಿಕೊಟ್ಟರು.

ಈಗ ಏಳು ಗಂಟೆ. ನೀರು ಮತ್ತೆ ಏರುತ್ತಿದೆ. ದರೆ ಹತ್ತಿ, ಅವರ ಮನೆಯ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತೇವೆ. ಎರಡು ಕೋಣೆಯ ಮರದ ಮನೆ. ಬೇಲಿಯಾಚೆ ಹದಿನೆಂಟು ಮೀಟರ್ ಹುಲ್ಲು, ಅದರಾಚೆ ಏನೂ ಇಲ್ಲ. ಇನ್ನೆಷ್ಟು ವರ್ಷ ಎಂದು ನಾನು ಕೇಳುವ ಮೊದಲೇ ಅವರು ಒಂಬತ್ತು ಎನ್ನುತ್ತಾರೆ, ಗಾಳಿ ಒಳ್ಳೆಯದಿದ್ದರೆ. ಹೆದರಿಕೆಯಾಗುವುದಿಲ್ಲವೇ ಎಂದರೆ, ತಾನು ಅಷ್ಟರಲ್ಲಿ ಬೇರೆಡೆ ಹೋಗಿರುತ್ತೇನೆ, ಎಲ್ಲವನ್ನೂ ಹೊತ್ತುಕೊಂಡು ಹೋಗಲಾಗುವುದಿಲ್ಲ ಅಷ್ಟೇ ಎನ್ನುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಲೋಟದ ತಳದ ಚಹಾವನ್ನು ಹುಲ್ಲಿಗೆ ಚೆಲ್ಲಿ ಯೋಚಿಸುತ್ತಾರೆ.

"ನನ್ನ ಚಮಚನೋ, ತಲೆಪಿನ್ನೋ ಮುಂದೆ ಯಾರಿಗಾದ್ರೂ ಕೆಳಗೆ ಸಿಗುತ್ತಲ್ಲ, ಸಿಕ್ಕೇ ಸಿಗುತ್ತೆ. ಕಸ ಅಂತ ಎಸೆಯೋಕೆ ಮುಂಚೆ ಒಂದ್ಸಲ ತಿರುಗಿಸಿ ನೋಡ್ಲಿ. ಯಾರದಿರಬಹುದು ಇದು ಅಂತ."