ಸದ್ದಮ್ಮನ ಎರಡು ನಿಮಿಷ

ಸಿನಿಮಾಗಳಿಗೆ ಸದ್ದು ಕೂಡಿಸುವ ನಮ್ಮ ಸ್ಟುಡಿಯೊದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಸದ್ದಮ್ಮ ಎಂದು. ತೆರೆಯ ಮೇಲೆ ಯಾರು ನಡೆದರೂ ಚಪ್ಪಲಿ ಸವೆಯುವುದು ಇವಳದು. ಯಾರಿಗೆ ಏಟು ಬಿದ್ದರೂ ಚರ್ಮದ ಚೀಲಕ್ಕೆ ಒದ್ದೆ ಟವೆಲ್ ಬಡಿಯುವವಳು ಇವಳು. ಇಪ್ಪತ್ತು ವರ್ಷದಿಂದ ಆ ಸದ್ದುಗಳನ್ನು ರೆಕಾರ್ಡ್ ಮಾಡುತ್ತಿರುವವನು ನಾನು.

ಕಳೆದ ವರ್ಷ ಅವಳ ಭಾವನ ಸಿನಿಮಾ ನಮ್ಮಲ್ಲಿಗೆ ಬಂತು. ಭಾವ ಹೊರಗೆ ದೊಡ್ಡ ನಿರ್ದೇಶಕ, ಮನೆಯಲ್ಲಿ ಹೆಂಡತಿಯ ಮೇಲೆ ಕೈ ಮಾಡುವ ಗಂಡಸು. ಸದ್ದಮ್ಮನ ಅಕ್ಕನ ಎಡಗಿವಿ ಹೋದದ್ದು ಅವನ ಒಂದೇ ಏಟಿಗೆ. ಮೆಟ್ಟಿಲಿನಿಂದ ಬಿದ್ದಳೆಂದು ಊರಿಗೆಲ್ಲ ಹೇಳಿ ಕೈತೊಳೆದುಕೊಂಡಿದ್ದ. ಈಗ ಸಿನಿಮಾದಲ್ಲೂ ಗಂಡನೊಬ್ಬ ಹೆಂಡತಿಯನ್ನು ಎರಡು ನಿಮಿಷ ಹೊಡೆಯುತ್ತಾನೆ. ನನಗೆ ಮೈಯೆಲ್ಲ ಉರಿಯಿತು. ಈ ಕೆಲಸ ಬೇಡ ಎಂದೆ.

"ಬಿಡೋದಾ? ಇದಕ್ಕೇ ಕಾದಿದ್ದೆ ಕಣೋ. ಆ ಮನುಷ್ಯನ ಬಾಯಿಂದಲೇ ನಿಜ ಹೊರಗೆ ಬರ್ಬೇಕು" ಎಂದಳು ಸದ್ದಮ್ಮ.

ಅವಳು ಟವೆಲ್ ಮುಟ್ಟಲೇ ಇಲ್ಲ. ಅಕ್ಕನನ್ನು ಕೇಳಿ ಕೇಳಿ, ಏಟು ಬಿದ್ದ ದಿನ ಅವಳಿಗೆ ಕೇಳಿಸಿದ್ದನ್ನೇ ಮಾಡಿದಳು. ಮೊದಲ ಏಟಿಗೆ ಒಂದು ಮೊಂಡು ಸದ್ದು. ಆಮೇಲೆ ಎಡಗಡೆಯ ಸ್ಪೀಕರುಗಳಲ್ಲಿ ಸಣ್ಣ ಸಿಳ್ಳೆ ಮಾತ್ರ. ಬಲಗಡೆ ಎಲ್ಲೋ ದೂರದಲ್ಲಿ ಗಂಡನ ಬೈಗುಳ. ಭಾವ ಕೇಳಿ ತಲೆದೂಗಿದ. ಎಲ್ಲಿಂದ ಬಂತೆಂದು ಕೇಳಲಿಲ್ಲ.

"ಈ ಸದ್ದೂ ನಂದೇ ಅಂತಾರೆ ಭಾವ, ನೋಡ್ತಿರು. ಇನ್ನೊಬ್ಬರ ಹೆಸರು ಹೇಳಿದ್ರೆ ಅವರ ನಾಲಿಗೆ ಸವೆದುಹೋಗುತ್ತೆ" ಎಂದಳು.

ಸಿನಿಮಾ ಬಿಡುಗಡೆಯಾಗಿ ಗದ್ದಲವೆದ್ದಿತು. ನಿಷೇಧಿಸಿ ಎಂದು ಅರ್ಧ ಊರು, ಕಲೆ ಎಂದು ಇನ್ನರ್ಧ. ಬೈದವರೂ ಆ ಎರಡು ನಿಮಿಷದ ಮಾತು ಬಂದರೆ ತೆಪ್ಪಗಾಗುತ್ತಿದ್ದರು.

"ಕೆಟ್ಟ ಸಿನಿಮಾ ಆಗಿದ್ರೆ ಮರೀಬಹುದಿತ್ತು. ಚೆನ್ನಾಗಿದೆ, ಅದೇ ಹೊಟ್ಟೆ ಉರಿಸೋದು" ಎಂದಳು ಸದ್ದಮ್ಮ.

ಒಂದು ಭಾನುವಾರ ಬೆಳಿಗ್ಗೆ ಚಿತ್ರಮಂದಿರದಲ್ಲಿ ಸಂವಾದ. ವೇದಿಕೆಯ ಮೇಲೆ ಭಾವ. ಮೂರನೇ ಸಾಲಿನಲ್ಲಿ ಅಕ್ಕತಂಗಿಯರು, ಪಕ್ಕದಲ್ಲಿ ನಾನು. ವಿಮರ್ಶಕಿಯೊಬ್ಬರು ಎದ್ದು ಕೇಳಿದರು: "ಕಿವಿ ಹೋಗೋ ಆ ಸದ್ದು ಅಷ್ಟು ನಿಜ ಅನ್ಸುತ್ತೆ. ಡಾಕ್ಟರನ್ನ ಕೇಳಿದ್ರಾ? ಅಥವಾ ಸೌಂಡಿನವರ ಯೋಚನೆನಾ?"

ಭಾವ ನಕ್ಕ. "ಯಾರದ್ದೂ ಅಲ್ಲ, ನಂದೇ. ಅಂಥ ಏಟಿಗೆ ಹೆಂಗಸೊಬ್ಬಳ ಕಿವಿ ಹೋಗೋದನ್ನ ನಾನು ತುಂಬಾ ಹತ್ತಿರದಿಂದ ನೋಡಿದ್ದೀನಿ."

ಸದ್ದಮ್ಮ ಮೈಕ್ ಇಸಿದುಕೊಂಡು ಅಕ್ಕನ ಕೈಗಿಟ್ಟಳು. ಗಂಡನ ಎದುರು ಒಂದು ದಿನವೂ ದನಿಯೆತ್ತದ ಹೆಂಗಸು ನಿಧಾನವಾಗಿ ಎದ್ದು ನಿಂತಳು.

"ರೀ, ಎಷ್ಟು ಹತ್ತಿರದಲ್ಲಿದ್ರಿ ಅಂತಲೂ ಹೇಳಿಬಿಡಿ. ಸ್ವಲ್ಪ ಜೋರಾಗಿ ಹೇಳಿ, ನನಗೆ ಎಡಗಿವಿ ಕೇಳಲ್ಲ."

ಭಾವ ಮೈಕ್ ಕೆಳಗಿಟ್ಟು ವೇದಿಕೆಯ ಮೆಟ್ಟಿಲಿನತ್ತ ಹೊರಟ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.